ಸಿಗರೇಟ್ ಸೇದುವವರ ಮಂಡಿ ಸವೆಯುವುದಿಲ್ಲವೇ? ಆ ಸುದ್ದಿಯ ಹಿಂದಿನ ಲೆಕ್ಕ

"ಸಿಗರೇಟ್ ಸೇದುವವರಿಗೆ ಮಂಡಿ ಆಪರೇಷನ್ ಬೇಕಾಗುವುದು ಕಡಿಮೆ." 2011ರಲ್ಲಿ ಇಂಥದ್ದೊಂದು ಸುದ್ದಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂತು. ಅದು ಅಲ್ಲಿಗೇ ಮುಗಿಯಲಿಲ್ಲ. ಈಗಲೂ ಆಗಾಗ ಹೊಸ ತಲೆಬರಹ ಹೊತ್ತು ತಿರುಗಿ ಬರುತ್ತದೆ. ಓದಿದವರಿಗೆ ಗಲಿಬಿಲಿ ಆಗುವುದು ಸಹಜ. ಶ್ವಾಸಕೋಶ, ಹೃದಯ, ಬಾಯಿ, ಗಂಟಲು ಎಲ್ಲವನ್ನೂ ಹಾಳು ಮಾಡುವ ಹೊಗೆ ಮಂಡಿಯನ್ನು ಮಾತ್ರ ಕಾಪಾಡುತ್ತದೆಯೇ?

ಇದು ಯಾರೋ ಕಟ್ಟಿದ ಸುಳ್ಳು ಸುದ್ದಿಯಲ್ಲ. ಅಧ್ಯಯನ ನಿಜ, ಅಂಕಿ ನಿಜ, ಮಾಡಿದವರೂ ಪರಿಣತರೇ. ಆದರೆ ಆ ಅಂಕಿ ಎಣಿಸಿದ್ದು ಮಂಡಿ ಸವೆತವನ್ನಲ್ಲ, ಆಪರೇಷನ್ ಮೇಜಿನ ತನಕ ತಲುಪಿದ ಜನರನ್ನು. ಇವೆರಡೂ ಬೇರೆ ಬೇರೆ. ಎಲ್ಲ ಗೊಂದಲವೂ ಈ ವ್ಯತ್ಯಾಸದಲ್ಲೇ ಇದೆ. ಹಾಗಾಗಿ ಅದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಸುದ್ದಿ ಹುಟ್ಟಿದ್ದು ಎಲ್ಲಿ

ಕಥೆ 2011ಕ್ಕಿಂತ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. ಹೃದ್ರೋಗಕ್ಕೆ ಕಾರಣ ಏನು ಎಂದು ತಿಳಿಯಲು 1948ರಿಂದ ಆ ಊರಿನ ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಾ ಬರಲಾಗಿದೆ. 1980ರ ದಶಕದಲ್ಲಿ ಅದೇ ಜನರ ಮಂಡಿಗಳ ಎಕ್ಸ್‌ರೇ ತೆಗೆದರು. ಬಾಸ್ಟನ್‌ನ ಡೇವಿಡ್ ಫೆಲ್ಸನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಸೇದುವವರಲ್ಲಿ ಮಂಡಿ ಸವೆತ ಕಡಿಮೆ ಕಂಡಿತು. 1989ರಲ್ಲಿ ಅವರು ಇದನ್ನು ಪ್ರಕಟಿಸಿದರು. ಲೇಖನದ ತಲೆಬರಹವೇ ಒಂದು ಪ್ರಶ್ನೆಯಾಗಿತ್ತು: ಹೊಗೆ ಸೇದುವುದು ಕೀಲು ಸವೆತ ತಡೆಯುತ್ತದೆಯೇ?

2011ರ ಸುದ್ದಿ ಬಂದದ್ದು ಆಸ್ಟ್ರೇಲಿಯಾದ ಪರ್ತ್ ನಗರದಿಂದ. ಅಲ್ಲಿ 11,388 ಹಿರಿಯ ಗಂಡಸರ ಆರೋಗ್ಯದ ವಿವರಗಳನ್ನು ಆಸ್ಪತ್ರೆಗಳ ದಾಖಲೆಯ ಜೊತೆ ಜೋಡಿಸಿ ನೋಡಿದರು. 48 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಾಲ ಸೇದಿದವರು ಸೊಂಟ ಅಥವಾ ಮಂಡಿಯ ಕೀಲು ಬದಲಿಸಿಕೊಂಡದ್ದು, ಎಂದೂ ಸೇದದವರಿಗಿಂತ ಶೇಕಡಾ 42ರಿಂದ 51ರಷ್ಟು ಕಡಿಮೆ ಇತ್ತು. ಮೂರು ವರ್ಷದ ನಂತರ ಸಿಂಗಪುರದಿಂದಲೂ ಇಂಥದ್ದೇ ವರದಿ ಬಂತು. 63,000ಕ್ಕೂ ಹೆಚ್ಚು ಚೀನೀ ಮೂಲದ ಜನರನ್ನು ಗಮನಿಸಿದ ಆ ಅಧ್ಯಯನದಲ್ಲೂ, ಸೇದುವವರು ಮಂಡಿ ಬದಲಿಸಿಕೊಂಡದ್ದು ಸುಮಾರು ಅರ್ಧದಷ್ಟು.

ಒಂದಲ್ಲ, ಮೂರು ಖಂಡಗಳಿಂದ ಒಂದೇ ಮಾತು. ಸುಮ್ನೆ ತಳ್ಳಿಹಾಕುವಂತಿಲ್ಲ.

ಮೊದಲು ಹೆಸರಿನ ತೊಡಕು

ಕನ್ನಡದಲ್ಲಿ ಕೀಲು ನೋವಿಗೆಲ್ಲ ನಾವು 'ಸಂಧಿವಾತ' ಅಂದುಬಿಡುತ್ತೇವೆ. ಆದರೆ ಆ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳಿವೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬುದರಲ್ಲಿ ದೇಹದ ರಕ್ಷಣಾ ಪಡೆಯೇ ಸ್ವಂತ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೂ ಹೊಗೆಗೂ ಇರುವ ನಂಟಿನ ಬಗ್ಗೆ ವೈದ್ಯರಲ್ಲಿ ಭಿನ್ನಮತವಿಲ್ಲ. ಸೇದುವವರಿಗೆ ಈ ಕಾಯಿಲೆ ಬರುವ ಸಂಭವ ಹೆಚ್ಚು, ಬಂದ ಮೇಲೆ ಔಷಧಿ ಕೆಲಸ ಮಾಡುವುದೂ ಕಷ್ಟ.

ಇಲ್ಲಿ ನಾವು ಮಾತಾಡುತ್ತಿರುವುದು ಆಸ್ಟಿಯೋಆರ್ಥ್ರೈಟಿಸ್ ಬಗ್ಗೆ, ಅಂದರೆ ಕೀಲು ಸವೆತದ, ಅದರಲ್ಲೂ ಮಂಡಿ ಸವೆತದ ಬಗ್ಗೆ. ಎರಡು ಮೂಳೆಗಳ ನಡುವೆ ಕಾರ್ಟಿಲೇಜ್ ಎಂಬ ನುಣುಪಾದ ಪದರ ಇರುತ್ತದೆ. ಅದು ನಿಧಾನವಾಗಿ ತೆಳುವಾಗುತ್ತದೆ, ಜೊತೆಗೆ ಸುತ್ತಲಿನ ಮೂಳೆ, ಪೊರೆ, ಸ್ನಾಯು ಎಲ್ಲವೂ ಕೆಡುತ್ತಾ ಹೋಗುತ್ತವೆ. 'ಹೊಗೆ ಕೀಲಿಗೆ ಒಳ್ಳೆಯದು' ಅಂತ ಯಾರಾದರೂ ಹೇಳಿದರೆ, ಅವರು ಹೇಳುತ್ತಿರುವ ಅಧ್ಯಯನಗಳು ಈ ಎರಡನೆಯ ಕಾಯಿಲೆಗೆ ಮಾತ್ರ ಸೇರಿದವು.

ಹೊಗೆ ಕಾಪಾಡುತ್ತದೆ ಎನ್ನುವವರ ವಾದ

ಈ ಪಕ್ಷದವರು ಎರಡು ಕಾರಣ ಕೊಡುತ್ತಾರೆ.

ಒಂದು, ನಿಕೋಟಿನ್. ಕಾರ್ಟಿಲೇಜಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅದಕ್ಕೆ ನಿಕೋಟಿನ್ ಹಾಕಿದ ಕೆಲವು ಪ್ರಯೋಗಗಳಲ್ಲಿ, ಆ ಕೋಶಗಳು ಕಾರ್ಟಿಲೇಜಿಗೆ ಬೇಕಾದ ವಸ್ತುಗಳನ್ನು ಹೆಚ್ಚು ತಯಾರಿಸಿದವು. ಇದು ನಿಜ. ಆದರೆ ಸಿಗರೇಟ್ ಅಂದರೆ ಬರೀ ನಿಕೋಟಿನ್ ಅಲ್ಲ, ಅಲ್ವಾ? ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ. ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಕಾರ್ಟಿಲೇಜಿಗಾದರೋ ತನ್ನದೇ ರಕ್ತನಾಳ ಇಲ್ಲ. ಕೀಲಿನ ಒಳಗಿನ ಅಂಟುದ್ರವದಿಂದಲೇ ಅದು ಆಹಾರ ಹೀರಿಕೊಳ್ಳಬೇಕು. ಹೀಗೆ ಮೊದಲೇ ಕಷ್ಟದಲ್ಲಿ ಬದುಕುವ ಅಂಗಾಂಶಕ್ಕೆ ಹೊಗೆ ಉಪಕಾರ ಮಾಡುತ್ತದೆ ಅನ್ನಲು ತಟ್ಟೆಯ ಪ್ರಯೋಗ ಸಾಕಾಗುವುದಿಲ್ಲ.

ಎರಡು, ತೂಕ. ಈ ಕಾರಣದಲ್ಲಿ ಹುರುಳಿದೆ. ನಿಕೋಟಿನ್ ಹಸಿವನ್ನು ಕುಗ್ಗಿಸುತ್ತದೆ. ಸೇದುವವರ ತೂಕ ಸರಾಸರಿಯಲ್ಲಿ ಸೇದದವರಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಮಂಡಿಗೆ ತೂಕವೇ ದೊಡ್ಡ ಶತ್ರು. ಮಂಡಿ ಸವೆತವಿರುವ ಹಿರಿಯರ ನಡಿಗೆಯನ್ನು ಅಳೆದು ನೋಡಿದಾಗ, ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕೆಜಿಯಷ್ಟು ಇಳಿಯುತ್ತದೆ ಎಂದು ಗೊತ್ತಾಗಿದೆ. ಅಂದರೆ ನಾಲ್ಕು ಕೆಜಿ ಹಗುರವಾದವರಿಗೆ ಹೆಜ್ಜೆಗೆ 16 ಕೆಜಿ ಕಡಿಮೆ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಹಾಕುತ್ತೇವೆ ನೋಡಿ.

ಹಾಗಾದರೆ ಲಾಭ ಬಂದದ್ದು ತೂಕದಿಂದ, ಹೊಗೆಯಿಂದಲ್ಲ ಅಂತ ಮುಗಿಸಬಹುದಿತ್ತು. ಆದರೆ ಸಂಶೋಧಕರು ತೂಕದ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದರೂ, ಸೇದುವವರ ಅಂಕಿ ಕಡಿಮೆಯೇ ಉಳಿಯಿತು. ಹಾಗಾಗಿ ಇನ್ನೂ ಆಳಕ್ಕೆ ಹೋಗಬೇಕು.

ಯಾರನ್ನು ಯಾರ ಜೊತೆ ಹೋಲಿಸಿದರು?

ನನ್ನ ಪ್ರಕಾರ ಇಡೀ ವಿಷಯದ ಕೀಲಿಕೈ ಇಲ್ಲಿದೆ.

ಒಂದು ಊರನ್ನು ಊಹಿಸಿಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ, ಆ ಊರಿನಲ್ಲಿ ನೂರಕ್ಕೆ 20 ಜನ ಸೇದುತ್ತಾರೆ ಎಂದುಕೊಳ್ಳೋಣ. ಹೊಗೆಗೂ ಮಂಡಿಗೂ ಯಾವ ಸಂಬಂಧವೂ ಇಲ್ಲ ಎಂದೂ ಇಟ್ಟುಕೊಳ್ಳೋಣ. ಆಗ ಮಂಡಿ ನೋವಿಗೆ ಆಸ್ಪತ್ರೆಗೆ ಬಂದ ನೂರು ಜನರಲ್ಲೂ 20 ಜನ ಸೇದುವವರೇ ಇರುತ್ತಾರೆ.

ಈಗ ಒಬ್ಬ ಸಂಶೋಧಕ ಈ ನೂರು ಜನರನ್ನು ಬೇರೆ ನೂರು ಜನರ ಜೊತೆ ಹೋಲಿಸಬೇಕು. ಊರೆಲ್ಲ ಸುತ್ತಿ ಜನರನ್ನು ಹುಡುಕುವುದು ಕಷ್ಟ. ಹಾಗಾಗಿ ಅದೇ ಆಸ್ಪತ್ರೆಯ ಬೇರೆ ವಾರ್ಡುಗಳಿಂದ, ಮಂಡಿ ನೋವಿಲ್ಲದ ನೂರು ಜನರನ್ನು ತೆಗೆದುಕೊಳ್ಳುತ್ತಾನೆ. ಆ ವಾರ್ಡುಗಳಲ್ಲಿ ಯಾರಿರುತ್ತಾರೆ? ಹೃದಯಾಘಾತ ಆದವರು, ದಮ್ಮು ಕಟ್ಟಿದವರು, ಪಾರ್ಶ್ವವಾಯು ಬಡಿದವರು, ಕ್ಯಾನ್ಸರ್ ಬಂದವರು. ಈ ಕಾಯಿಲೆಗಳನ್ನು ತರುವುದರಲ್ಲಿ ಹೊಗೆಯ ಪಾಲು ದೊಡ್ಡದು. ಹಾಗಾಗಿ ಆ ನೂರರಲ್ಲಿ 40 ಜನ ಸೇದುವವರು ಸಿಗುತ್ತಾರೆ ಎಂದುಕೊಳ್ಳಿ.

ಕಾಗದದ ಮೇಲೆ ಈಗ ಏನು ಕಾಣುತ್ತದೆ? ಮಂಡಿ ಕೆಟ್ಟವರಲ್ಲಿ 20 ಜನ ಸೇದುವವರು, ಮಂಡಿ ಚೆನ್ನಾಗಿರುವವರಲ್ಲಿ 40. ನೋಡಿದವರಿಗೆ ಹೊಗೆ ಮಂಡಿಯನ್ನು ಕಾಪಾಡಿದಂತೆ ಕಾಣುತ್ತದೆ. ನಿಜದಲ್ಲಿ ಹೊಗೆ ಉಳಿದವರ ಹೃದಯ, ಶ್ವಾಸಕೋಶ ಹಾಳು ಮಾಡಿ ಅವರನ್ನು ಅದೇ ಆಸ್ಪತ್ರೆಗೆ ತಂದು ಹಾಕಿದೆ, ಅಷ್ಟೇ. ಆಸ್ಪತ್ರೆಯೊಳಗೇ ಹೋಲಿಕೆ ಮಾಡಿದರೆ ಲೆಕ್ಕ ದಾರಿ ತಪ್ಪುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿಕೊಟ್ಟಿದ್ದರು.

ಇದು ಬರೀ ಊಹೆಯಲ್ಲ. 2011ರಲ್ಲೇ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಅಲ್ಲಿಯವರೆಗಿನ 48 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಅವುಗಳಲ್ಲಿ ಒಟ್ಟು 5,37,730 ಜನರಿದ್ದರು. ಎಲ್ಲವನ್ನೂ ಒಂದೇ ರಾಶಿ ಮಾಡಿದಾಗ ಹೊಗೆಯಿಂದ ಸ್ವಲ್ಪ ರಕ್ಷಣೆ ಇರುವಂತೆ ಕಂಡಿತು. ರಾಶಿಯನ್ನು ವಿಂಗಡಿಸಿದಾಗ ಚಿತ್ರ ಬದಲಾಯಿತು. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ನಂಬುವಂಥ ರಕ್ಷಣೆ ಇರಲಿಲ್ಲ. ಅದು ಗಟ್ಟಿಯಾಗಿ ಕಂಡದ್ದು, ಆಸ್ಪತ್ರೆಯ ರೋಗಿಗಳನ್ನೇ ಹೋಲಿಕೆಗೆ ಬಳಸಿದ ಅಧ್ಯಯನಗಳಲ್ಲಿ. ಈ 'ರಕ್ಷಣೆ' ಬಹುಮಟ್ಟಿಗೆ ಹೋಲಿಕೆಯ ದೋಷದಿಂದ ಹುಟ್ಟಿದ್ದು ಎಂದು ಅವರು ಹೇಳಿದರು.

ಒಂದೇ ವರ್ಷದಲ್ಲಿ ಬಂದ ಎರಡು ಅಧ್ಯಯನಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಪರ್ತ್‌ನದು ಮಾತ್ರ. 'ಹೊಗೆಯಿಂದ ಲಾಭ' ಎನ್ನುವುದು ಕಿವಿ ನಿಮಿರಿಸುವ ಸುದ್ದಿ. 'ಹೋಲಿಕೆ ಸರಿಯಾಗಿರಲಿಲ್ಲ' ಎನ್ನುವುದು ಹಾಗಲ್ಲ. ಈ ಅಸಮತೋಲನದಿಂದ ಜನರಿಗೆ ನಿಜವಾಗಿಯೂ ತೊಂದರೆಯಾಗುತ್ತದೆ ಎಂಬುದು ನನ್ನ ಚಿಂತೆ.

ಆಪರೇಷನ್ ಎಣಿಸಿದರೆ ಸವೆತ ಎಣಿಸಿದಂತೆ ಆಗುವುದಿಲ್ಲ

ಪರ್ತ್ ಮತ್ತು ಸಿಂಗಪುರದವರು ಆಸ್ಪತ್ರೆಯ ವಾರ್ಡಿನಿಂದ ಜನರನ್ನು ಆರಿಸಲಿಲ್ಲವಲ್ಲ ಎಂದು ಕೇಳಬಹುದು. ಸರಿ, ಅಲ್ಲಿನ ತೊಡಕು ಬೇರೆ. ಅವರು ಎಣಿಸಿದ್ದು ಕೀಲು ಬದಲಿಸುವ ಆಪರೇಷನ್ನುಗಳನ್ನು.

ಮಂಡಿ ಸವೆದ ಎಲ್ಲರಿಗೂ ಆಪರೇಷನ್ ಆಗುವುದಿಲ್ಲ. ನಡುವೆ ಹಲವು ಬಾಗಿಲುಗಳಿವೆ. ರೋಗಿ ಅಷ್ಟು ವರ್ಷ ಬದುಕಿರಬೇಕು. ಅರಿವಳಿಕೆ ತಡೆದುಕೊಳ್ಳುವಷ್ಟು ಹೃದಯ, ಶ್ವಾಸಕೋಶ ಗಟ್ಟಿ ಇರಬೇಕು. ಸರ್ಜನ್ ಒಪ್ಪಬೇಕು. ಸೇದುವವರಲ್ಲಿ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯ ಹೆಚ್ಚು. ಅದಕ್ಕೇ ಅನೇಕ ಸರ್ಜನ್‌ಗಳು "ಮೊದಲು ಸಿಗರೇಟ್ ಬಿಡಿ, ಆಮೇಲೆ ನೋಡೋಣ" ಅನ್ನುತ್ತಾರೆ. ಪ್ರತಿ ಬಾಗಿಲಲ್ಲೂ ಸೇದುವವರು ಒಂದಿಷ್ಟು ಜನ ಹೊರಗುಳಿಯುತ್ತಾರೆ. ಅವರ ಮಂಡಿ ಸವೆದಿಲ್ಲ ಅಂತಲ್ಲ, ಅವರು ಕೊನೆಯ ಬಾಗಿಲು ತಲುಪಲಿಲ್ಲ.

ಮೊದಲ ಬಾಗಿಲೇ ದೊಡ್ಡದು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ಅವರ ಪ್ರಸಿದ್ಧ ಅಧ್ಯಯನ, ಜೀವನವಿಡೀ ಸೇದುವವರು ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ ಎಂದು ತೋರಿಸಿತು. ಮಂಡಿ ಬದಲಿಸುವುದು ಹೆಚ್ಚಾಗಿ 60, 70ರ ವಯಸ್ಸಿನಲ್ಲಿ. ಬೇಗ ಸಾಯುವವರ ಪಟ್ಟಿಯಲ್ಲಿ ಮಂಡಿ ಆಪರೇಷನ್ ಕಡಿಮೆ ಇರುವುದು ಸಹಜ.

ಸಾವಿನ ಲೆಕ್ಕವನ್ನು ಸರಿದೂಗಿಸುವ ಗಣಿತ ಇದೆ ನಿಜ. ಆದರೆ ಪರ್ತ್‌ನ ಅಧ್ಯಯನಕ್ಕೆ ಸೇರಿದ ಗಂಡಸರೆಲ್ಲ ಶುರುವಿನಲ್ಲೇ 65 ದಾಟಿದವರು. 48 ವರ್ಷ ಸೇದಿಯೂ 65 ದಾಟಿ ಬದುಕಿರುವವರು ಎಲ್ಲ ಸೇದುಗರ ಪ್ರತಿನಿಧಿಗಳಲ್ಲ. ಸಹಸೇದುಗರು ಸತ್ತ ಮೇಲೂ ಉಳಿದ ಗಟ್ಟಿ ಮೈಯವರು ಅವರು. ನಮ್ಮ ಊರುಗಳಲ್ಲೂ ಈ ಮಾತು ಕೇಳುತ್ತೇವೆ: "ಆ ಅಜ್ಜ 85ರವರೆಗೂ ಬೀಡಿ ಸೇದ್ತಿದ್ದ, ಕೈಯಲ್ಲಿ ಕೋಲು ಹಿಡಿಯಲಿಲ್ಲ." ಹೌದು. ಆದರೆ ಅವನ ಜೊತೆ ಕಟ್ಟೆಯಲ್ಲಿ ಕೂತು ಬೀಡಿ ಸೇದುತ್ತಿದ್ದ ಗೆಳೆಯರಲ್ಲಿ 60 ದಾಟದವರ ಮಂಡಿ ಹೇಗಿತ್ತೆಂದು ಹೇಳಲು ಯಾರೂ ಉಳಿದಿರುವುದಿಲ್ಲ.

ಕಾರ್ಟಿಲೇಜನ್ನೇ ನೋಡಿದಾಗ ಕಂಡದ್ದು

ಈ ಜಗಳ ಬಿಡಿಸಲು ನೇರ ದಾರಿಯೊಂದಿದೆ. ಆಪರೇಷನ್ ಲೆಕ್ಕ ಬಿಟ್ಟು, ಎಂಆರ್‌ಐ ಮಾಡಿ ಕಾರ್ಟಿಲೇಜನ್ನೇ ನೋಡುವುದು.

2007ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದು ಹಾಗೆ ಮಾಡಿತು. ಆಗಲೇ ಮಂಡಿ ಸವೆತವಿದ್ದ 159 ಗಂಡಸರನ್ನು 30 ತಿಂಗಳು ಗಮನಿಸಿದರು. ಸೇದುವವರಲ್ಲಿ ಮಂಡಿಯ ಒಳಭಾಗದ ಕಾರ್ಟಿಲೇಜ್ ಸವೆಯುವ ಸಂಭವ ಸುಮಾರು ಎರಡು ಪಟ್ಟಿಗಿಂತ ಹೆಚ್ಚಿತ್ತು. ನೋವೂ ಜಾಸ್ತಿ. 100 ಅಂಕದ ನೋವಿನ ಅಳತೆಯಲ್ಲಿ ಸೇದದವರದ್ದು 45ರ ಆಸುಪಾಸು ಇದ್ದರೆ, ಸೇದುವವರದ್ದು 60ರ ಆಸುಪಾಸು. ಈ ಅಧ್ಯಯನದ ತಂಡದಲ್ಲೂ ಡೇವಿಡ್ ಫೆಲ್ಸನ್ ಇದ್ದರು. 1989ರಲ್ಲಿ ಪ್ರಶ್ನೆ ಎತ್ತಿದವರೇ 18 ವರ್ಷದ ನಂತರ ಎದುರು ದಿಕ್ಕಿನ ಉತ್ತರದ ಜೊತೆ ಬಂದರು. ವಿಜ್ಞಾನ ಹೀಗೆಯೇ ನಡೆಯಬೇಕು.

ಈ ಅಧ್ಯಯನಕ್ಕೂ ಮಿತಿಯಿದೆ. ಆ 159 ಜನರಲ್ಲಿ ಸೇದುವವರು 19 ಜನ ಮಾತ್ರ. ಇಷ್ಟು ಚಿಕ್ಕ ಗುಂಪಿನಿಂದ ಕೊನೆಯ ತೀರ್ಪು ಕೊಡಲಾಗದು. ಆದರೆ 'ಕಾಪಾಡುತ್ತದೆ' ಎನ್ನುವ ವಾದಕ್ಕೆ, ಕೀಲಿನ ಒಳಗೆ ಇಣುಕಿದಾಗ ಬೆಂಬಲ ಸಿಗಲಿಲ್ಲ ಎನ್ನುವಷ್ಟಕ್ಕೆ ಇದು ಸಾಕು.

ಇತ್ತೀಚೆಗೆ ವಂಶವಾಹಿಗಳ ದಾರಿಯಲ್ಲೂ ಉತ್ತರ ಹುಡುಕಿದ್ದಾರೆ. ಕೆಲವರಿಗೆ ಹುಟ್ಟಿನಿಂದಲೇ ಹೆಚ್ಚು ಸೇದುವ ಒಲವು ತರುವ ಜೀನ್ ಇರುತ್ತದೆ. ಅಂಥವರ ಮಂಡಿ ಹೇಗಿದೆ ಎಂದು ನೋಡಿದರೆ, ತೂಕ, ಸಂಬಳ, ಕೆಲಸದಂಥ ಗೊಂದಲಗಳು ಕಡಿಮೆಯಾಗುತ್ತವೆ ಎಂಬುದು ಇದರ ಹಿಂದಿನ ಯೋಚನೆ. ನಾರ್ವೆಯ ಹಂಟ್ ಎಂಬ ದೊಡ್ಡ ಅಧ್ಯಯನದಲ್ಲಿ ಮತ್ತೆ ಹೊಗೆಯ ಪರವಾದ ಉತ್ತರವೇ ಬಂತು. ಆದರೆ ಅವರು ಎಣಿಸಿದ್ದು ಮತ್ತೆ ಆಪರೇಷನ್ನುಗಳನ್ನೇ. ಕಾಯಿಲೆಯನ್ನೇ ಎಣಿಸಿದ ಬೇರೆ ವಿಶ್ಲೇಷಣೆಗಳಲ್ಲಿ, ಸೇದುವ ಒಲವು ಹೆಚ್ಚಿದ್ದವರಿಗೆ ಕೀಲು ಸವೆತದ ಅಪಾಯವೂ ಹೆಚ್ಚು ಎಂದು ಬಂದಿದೆ. ಏನನ್ನು ಎಣಿಸುತ್ತೇವೆ ಎನ್ನುವುದರ ಮೇಲೆ ಉತ್ತರ ತಿರುಗುವುದು ಇಲ್ಲೂ ಕಾಣುತ್ತದೆ.

ನಮ್ಮ ದೇಶದಲ್ಲಿ ಇದೇ ಲೆಕ್ಕ ಮಾಡಿದರೆ?

ಭಾರತದಲ್ಲಿ ಈ ತಪ್ಪು ಇನ್ನೂ ಸುಲಭವಾಗಿ ಆಗಬಹುದು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಗಂಡಸರು ಶೇಕಡಾ 19, ಹೆಂಗಸರು ಶೇಕಡಾ 2. ಮಂಡಿ ಸವೆತವಾದರೋ ಹೆಂಗಸರಲ್ಲಿ ಹೆಚ್ಚು, ಅದರಲ್ಲೂ ಮುಟ್ಟು ನಿಂತ ಮೇಲೆ. ಯಾವುದೇ ಮೂಳೆ ವೈದ್ಯರ ಕ್ಲಿನಿಕ್ಕಿನ ಮುಂದೆ ಕೂತು ಮಂಡಿ ನೋವಿನವರನ್ನು ಎಣಿಸಿದರೆ, ಎಂದೂ ಬೀಡಿ ಮುಟ್ಟದ ಅಮ್ಮಂದಿರೇ ತುಂಬಿರುತ್ತಾರೆ. 'ಸೇದದವರಿಗೇ ಮಂಡಿ ನೋವು' ಎಂದು ಅನಿಸದೆ ಇರದು. ಇಲ್ಲಿ ಕೆಲಸ ಮಾಡಿದ್ದು ಹೆಣ್ಣು-ಗಂಡಿನ ವ್ಯತ್ಯಾಸ, ಹೊಗೆಯಲ್ಲ.

ಇನ್ನೊಂದು ಮಾತು. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸೇದುವವರು ಶೇಕಡಾ 8.8 ಇದ್ದರೆ, ಅಗಿಯುವುದೂ ಸೇರಿದಂತೆ ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡಾ 16.3. ಮೇಲೆ ಹೇಳಿದ ಅಧ್ಯಯನಗಳೆಲ್ಲ ನಡೆದದ್ದು ಸೇದುವವರ ಮೇಲೆ. ಅವುಗಳ ಅಂಕಿಯನ್ನು ಹೊಗೆಸೊಪ್ಪಿಗೋ ಗುಟ್ಕಾಕ್ಕೋ ತಂದು ಅಂಟಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಸುದ್ದಿ ನಂಬಿದರೆ ಆಗುವುದೇನು

ಇದರ ಪರಿಣಾಮ ಎರಡು ರೀತಿಯಲ್ಲಿ ಕಾಣಿಸಿಕೊಳ್ಳಬಹುದು.

ಮೊದಲನೆಯದು, ಬಿಡಬೇಕೆಂದಿರುವವರು ಹಿಂಜರಿಯುವುದು. ಅವರ ಭಯಕ್ಕೆ ಒಂದು ನಿಜದ ಎಳೆಯೂ ಇದೆ. ಸಿಗರೇಟ್ ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರುತ್ತದೆ. ಮಂಡಿಗೆ ಇದು ಭಾರವೇ. ಇದನ್ನು ಮುಚ್ಚಿಡುವುದಕ್ಕಿಂತ ಮೊದಲೇ ಹೇಳಿ ಸಿದ್ಧ ಮಾಡುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ. ಬಿಟ್ಟ ಮೊದಲ ತಿಂಗಳುಗಳಲ್ಲಿ ಬಾಯಿ ಚಪಲಕ್ಕೆ ಬಜ್ಜಿ, ಬಿಸ್ಕತ್ತು, ಸಿಹಿ ಟೀ ಸೇರಿಕೊಳ್ಳುತ್ತವೆ. ಅದರ ಬದಲು ಸೌತೆಕಾಯಿ, ಮಜ್ಜಿಗೆ ಹತ್ತಿರ ಇಟ್ಟುಕೊಳ್ಳಬಹುದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಬಹುದು. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ ಹಿಡಿಯುವುದರಿಂದಲೇ ಶುರು ಮಾಡಬಹುದು. ಅಮೆರಿಕದಲ್ಲಿ ಮಂಡಿ ಸವೆತವಿದ್ದ 454 ದಪ್ಪ ಮೈಯವರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಪಥ್ಯ ಮತ್ತು ವ್ಯಾಯಾಮ ಎರಡನ್ನೂ 18 ತಿಂಗಳು ಮಾಡಿದವರ ನೋವು ಸುಮಾರು ಅರ್ಧಕ್ಕೆ ಇಳಿಯಿತು. ಯಾವ ಅಧ್ಯಯನದಲ್ಲೂ ಹೊಗೆಯಿಂದ ಇಷ್ಟು ನೋವು ಇಳಿದದ್ದಿಲ್ಲ.

ಎರಡನೆಯ ಪರಿಣಾಮ ಆಗಲೇ ಮಂಡಿ ಕೆಟ್ಟು ಆಪರೇಷನ್‌ಗೆ ಕಾಯುತ್ತಿರುವವರ ಮೇಲೆ. 'ಮಂಡಿಗೆ ಹೇಗೂ ಹೊಗೆ ತೊಂದರೆ ಇಲ್ಲವಂತೆ' ಎಂದು ಅವರು ಕೊನೆಯ ದಿನದವರೆಗೂ ಸೇದಿದರೆ, ಗಾಯ ಕೀವು ತುಂಬುವ, ಹಾಕಿದ ಕೃತಕ ಕೀಲನ್ನು ಮತ್ತೆ ತೆಗೆಯಬೇಕಾಗುವ ಅಪಾಯ ಹೆಚ್ಚುತ್ತದೆ. ಆಪರೇಷನ್‌ಗೆ ಸುಮಾರು ನಾಲ್ಕು ವಾರ ಮೊದಲೇ ಬಿಟ್ಟವರಿಗೆ ತೊಡಕುಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಾಲ್ಕು ವಾರದ ನಂತರ ಸೇದದೆ ಕಳೆದ ಪ್ರತಿ ವಾರಕ್ಕೂ ಫಲಿತಾಂಶ ಶೇಕಡಾ 19ರಷ್ಟು ಉತ್ತಮವಾಗುತ್ತದೆ ಎಂದೂ ಅದು ತಿಳಿಸಿದೆ. ಸೇದುವ ವಿಷಯವನ್ನು ಸರ್ಜನ್‌ಗೂ ಅರಿವಳಿಕೆ ಕೊಡುವ ವೈದ್ಯರಿಗೂ ಮುಚ್ಚಿಡಬಾರದು. ಬೈಯುತ್ತಾರೆಂದು ಮುಚ್ಚಿಟ್ಟರೆ ಪೆಟ್ಟು ಬೀಳುವುದು ನಮ್ಮ ಮೈಗೆ. ಬಿಡಲು ಸಹಾಯ ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಕೇಂದ್ರಗಳಲ್ಲಿ ಒಂದು. ಮಂಡಿ ಆಪರೇಷನ್‌ನ ತಾರೀಖು ಗೊತ್ತಾದ ದಿನವೇ ಅಲ್ಲಿಗೆ ಫೋನ್ ಮಾಡಿದರೆ, ಆ ನಾಲ್ಕು ವಾರ ಕೈಯಲ್ಲಿ ಉಳಿಯುತ್ತದೆ.